ಎರಡು ಊರಿನ ಬಾಳು, ಒಂದೇ ಮನೆಯ ಲೆಕ್ಕ



ನಮ್ಮ ಕರಾವಳಿಯ ಯಾವುದೇ ಧರ್ಮಕೇಂದ್ರದ ಕುಟುಂಬಗಳ ಪಟ್ಟಿಯನ್ನು ತೆರೆದು ನೋಡಿ. ಎಷ್ಟೋ ಹೆಸರುಗಳ ಮುಂದೆ ಕುವೈತ್, ದುಬೈ, ಬಹರೈನ್, ಮಸ್ಕತ್ ಎಂದು ಬರೆದಿರುತ್ತದೆ. ಇವರನ್ನು ಊರು ಬಿಟ್ಟವರು ಎನ್ನುವಂತಿಲ್ಲ, ಊರಲ್ಲಿ ಇರುವವರು ಎನ್ನುವಂತೆಯೂ ಇಲ್ಲ. ವರ್ಷದ ಹನ್ನೊಂದು ತಿಂಗಳು ಅಲ್ಲಿ, ಒಂದು ತಿಂಗಳು ಇಲ್ಲಿ. ಅಲ್ಲಿ ಬಾಡಿಗೆಯ ಹಾಸಿಗೆ, ಇಲ್ಲಿ ಸ್ವಂತ ಮನೆ. ಹೀಗೆ ಎರಡು ಊರುಗಳ ನಡುವೆ ಬಾಳು ಹಂಚಿಹೋದಾಗ ಕುಟುಂಬ ಒಂದಾಗಿ ಉಳಿಯುವುದು ಹೇಗೆ ಎಂಬುದನ್ನು ಈ ವಾರ ಚಿಂತಿಸೋಣ.

ಮೊದಲು ಒಂದು ಸರಳ ಲೆಕ್ಕ ಮಾಡೋಣ. ಅಮೀರಾತಿನ ಕಾರ್ಮಿಕ ಕಾನೂನಿನಂತೆ ಒಂದು ವರ್ಷ ಪೂರೈಸಿದ ನೌಕರನಿಗೆ ವರ್ಷಕ್ಕೆ 30 ದಿನಗಳ ರಜೆ. ಇಪ್ಪತ್ತು ವರ್ಷ ದುಡಿದವನಿಗೆ ಒಟ್ಟು 600 ದಿನ. ಅಂದರೆ ಹುಟ್ಟಿನಿಂದ ಇಪ್ಪತ್ತು ವಯಸ್ಸಿನವರೆಗೆ ಮಗು ತನ್ನ ತಂದೆಯೊಡನೆ ಕಳೆಯುವುದು ಇಪ್ಪತ್ತು ತಿಂಗಳಿಗೂ ಕಡಿಮೆ. ಈ ಲೆಕ್ಕ ಯಾರನ್ನೂ ದೂರಲು ಅಲ್ಲ. ತಾರಸಿ ಮನೆ, ಮಕ್ಕಳ ಶಾಲೆ, ತಂಗಿಯ ಮದುವೆ, ಮುದಿ ತಂದೆತಾಯಿಯ ಔಷಧಿ ಎಲ್ಲವೂ ಆ ಬೆವರಿನಿಂದಲೇ ಬಂದಿವೆ. ಆದರೆ ದಿನಗಳು ಇಷ್ಟು ಕಡಿಮೆ ಇರುವಾಗ ಅವುಗಳನ್ನು ಅಸ್ತವ್ಯಸ್ತವಾಗಿ ಕಳೆಯಬಾರದು.

ಯಕೋಬನ ಇಪ್ಪತ್ತು ವರ್ಷ

ಪವಿತ್ರ ಬೈಬಲಿನಲ್ಲಿ ಪರದೇಶದ ದುಡಿಮೆಯ ಕಥೆಯೊಂದಿದೆ. ಆದಿಕಾಂಡದ 31ನೆಯ ಅಧ್ಯಾಯವನ್ನು ಓದಿರಿ. ಯಕೋಬನು ಲಾಬಾನನ ಬಳಿ ಇಪ್ಪತ್ತು ವರ್ಷ ದುಡಿದ. ಹಗಲು ಬಿಸಿಲು, ಇರುಳು ಚಳಿ, ಕಣ್ಣಿಗೆ ನಿದ್ದೆಯಿಲ್ಲ. ಧಣಿಯು ಅವನ ಸಂಬಳವನ್ನು ಹತ್ತು ಸಾರಿ ಬದಲಾಯಿಸಿದ. ಗಲ್ಫಿನ ಕ್ಯಾಂಪುಗಳಲ್ಲಿ ಇದ್ದು ಬಂದ ನಮ್ಮವರಿಗೆ ಈ ಮಾತು ವಿವರಿಸಬೇಕಾಗಿಲ್ಲ. ಆದರೆ ಅದೇ ಅಧ್ಯಾಯದಲ್ಲಿ ನಾವು ಗಮನಿಸದೆ ದಾಟಿಹೋಗುವ ಇನ್ನೊಂದು ಸಂಗತಿ ಇದೆ. ಊರಿಗೆ ಮರಳುವ ನಿರ್ಧಾರಕ್ಕೆ ಮುನ್ನ ಯಕೋಬನು ರಾಖೇಲ್ ಮತ್ತು ಲೇಯ ಇಬ್ಬರನ್ನೂ ಹೊಲಕ್ಕೆ ಕರೆಸಿ, ತನ್ನ ದುಡಿಮೆ, ಸಂಬಳ, ತನಗಾದ ಮೋಸ ಎಲ್ಲವನ್ನೂ ಅವರ ಮುಂದಿಟ್ಟ. ಅವರೂ ತಮ್ಮ ಮಾತನ್ನು ಹೇಳಿದರು. ಆಮೇಲೆ ಮನೆಯೆಲ್ಲ ಕೂಡಿ ಹೊರಟಿತು.

ಮುಚ್ಚುಮರೆಯಿಲ್ಲದ ಆ ಮಾತುಕತೆ ನಮ್ಮ ಅನೇಕ ಮನೆಗಳಲ್ಲಿ ನಡೆಯುವುದಿಲ್ಲ. ಗಂಡನಿಗೆ ಅಲ್ಲಿ ಸಾಲವಿದೆಯೆಂದು ಹೆಂಡತಿಗೆ ತಿಳಿಯದು. ಇಲ್ಲಿ ಮನೆಯ ಖರ್ಚು ಎಷ್ಟೆಂದು ಗಂಡನಿಗೆ ತಿಳಿಯದು. ಇಬ್ಬರೂ ಮತ್ತೊಬ್ಬರಿಗೆ ಚಿಂತೆ ಬೇಡವೆಂದು ಪ್ರೀತಿಯಿಂದಲೇ ಮುಚ್ಚಿಡುತ್ತಾರೆ. ಆದರೆ ಮುಚ್ಚಿಟ್ಟದ್ದು ಬೆಳೆಯುತ್ತಾ ಹೋಗುತ್ತದೆ.

ಕಾಗದಪತ್ರದ ವಿಷಯವನ್ನು ಧರ್ಮದ ಪುಟದಲ್ಲಿ ಬರೆಯುವುದೇಕೆಂದು ಕೆಲವರು ಕೇಳಬಹುದು. ಸಂತ ತೋಮಸ್ ಅಕ್ವಿನಾಸರು ವಿವೇಕವೆಂಬ ಸದ್ಗುಣವನ್ನು ವಿವರಿಸುವಾಗ, ತನ್ನೊಬ್ಬನ ಬಾಳನ್ನು ನಡೆಸುವ ವಿವೇಕ, ನಾಡನ್ನು ನಡೆಸುವ ವಿವೇಕ ಇವುಗಳ ಜೊತೆಗೆ ಮನೆಯನ್ನು ನಡೆಸುವ ವಿವೇಕವನ್ನೂ ಬೇರೆಯಾಗಿಯೇ ಹೆಸರಿಸಿದ್ದಾರೆ. ಮನೆಯ ವ್ಯವಹಾರವನ್ನು ಕ್ರಮದಲ್ಲಿಡುವುದು ಸದ್ಗುಣದ ಅಭ್ಯಾಸ. ಅದು ಲೋಕದ ವ್ಯಾಮೋಹವಲ್ಲ.

ಕಾಗದಪತ್ರಗಳ ಕ್ರಮ

ಪರದೇಶದ ಬಾಳು ಎಷ್ಟು ಬೇಗ ಕುಸಿಯಬಹುದೆಂದು ನಮ್ಮವರು ಕಂಡಿದ್ದಾರೆ. 1990ರ ಆಗಸ್ಟ್ 2ರಂದು ಇರಾಕ್ ಕುವೈತನ್ನು ಆಕ್ರಮಿಸಿದಾಗ ಲಕ್ಷಕ್ಕೂ ಮೀರಿ ಭಾರತೀಯರು ಊರಿಗೆ ಮರಳಬೇಕಾಯಿತು. ಉಟ್ಟ ಬಟ್ಟೆಯಲ್ಲಿ ಬಂದವರು ಹಲವರು. 2020ರಲ್ಲಿ ಕೊರೊನಾ ಬಂದಾಗ ವಿಮಾನಗಳು ನಿಂತು, ರಜೆಗೆ ಬಂದವರು ಇಲ್ಲೇ, ಬರಬೇಕಾದವರು ಅಲ್ಲೇ ಉಳಿದರು. ಆದ್ದರಿಂದ ಪಾಸ್‌ಪೋರ್ಟ್, ವೀಸಾ, ಕೆಲಸದ ಕರಾರು, ವಿಮೆ, ಬ್ಯಾಂಕ್ ಖಾತೆಯ ವಿವರ ಇವುಗಳ ಒಂದು ಪ್ರತಿ ಊರಿನ ಮನೆಯಲ್ಲಿರಲಿ. ಮನೆಯ ಹಕ್ಕುಪತ್ರ, ಪಹಣಿ, ಮಕ್ಕಳ ಜನನ ಪತ್ರಗಳ ಪ್ರತಿ ಅಲ್ಲಿರುವವರ ಬಳಿ ಇರಲಿ.

ರಜೆಯಲ್ಲಿ ಬಂದವರು ವೀಸಾದ ಅವಧಿಯನ್ನು ಮರೆಯಬಾರದು. ಅಮೀರಾತಿನ ಸಾಮಾನ್ಯ ನಿವಾಸ ವೀಸಾ ಹೊಂದಿದವರು ಆರು ತಿಂಗಳಿಗಿಂತ ಹೆಚ್ಚು ಹೊರಗಿದ್ದರೆ ಅದು ರದ್ದಾಗುತ್ತದೆ. ತಾಯಿಯ ಕಾಯಿಲೆಗಾಗಿ ರಜೆ ಮುಂದುವರಿಸುವವರು ಮೊದಲೇ ಕಂಪೆನಿಯಲ್ಲಿ ವಿಚಾರಿಸಬೇಕು. ಹೊರದೇಶದಲ್ಲಿ ಮಗು ಹುಟ್ಟಿದರೆ ಒಂದು ವರ್ಷದೊಳಗೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲಿ ಜನನವನ್ನು ನೋಂದಾಯಿಸಿರಿ. ಮಗುವಿನ ಪೌರತ್ವ ಅದನ್ನು ಅವಲಂಬಿಸಿದೆ.

ಹಿಂದಿರುಗುವಾಗ ಅಮ್ಮನ ಪ್ರೀತಿಯ ಕಟ್ಟುಗಳ ಮೇಲೂ ಗಮನವಿರಲಿ. ನಮ್ಮ ಅಡುಗೆಮನೆಯ ಗಸಗಸೆ ಅಮೀರಾತು, ಸೌದಿಗಳಲ್ಲಿ ನಿಷಿದ್ಧ ವಸ್ತು. ಒಂದು ಚಮಚ ಗಸಗಸೆಯೂ ಸೆರೆಮನೆಗೆ ದಾರಿಯಾಗಬಹುದು. ಕೆಲವು ನೋವುನಿವಾರಕ ಮಾತ್ರೆಗಳಿಗೂ ಅಲ್ಲಿ ಅನುಮತಿ ಬೇಕು. ವೈದ್ಯರ ಚೀಟಿ ಜೊತೆಗಿರಲಿ. ಒಳಗೇನಿದೆಯೆಂದು ತಿಳಿಯದ ಯಾರ ಪೊಟ್ಟಣವನ್ನೂ ಒಯ್ಯಬೇಡಿರಿ, ಕೊಟ್ಟವರು ನೆಂಟರಾದರೂ ಸರಿ.

ಹಣದ ಕ್ರಮ

ಹೊರದೇಶದಲ್ಲಿ ನೆಲೆಸಿ ದುಡಿಯುವವರು ಊರಿನ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ನಡೆಸುವಂತಿಲ್ಲ, ಅದನ್ನು ಎನ್.ಆರ್.ಒ. ಖಾತೆಯಾಗಿ ಬದಲಾಯಿಸಬೇಕು. ಅಲ್ಲಿನ ದುಡಿಮೆಯನ್ನು ಕಳುಹಿಸಲು ಎನ್.ಆರ್.ಇ. ಖಾತೆ. ಅನಿವಾಸಿಯಾಗಿ ಇರುವಷ್ಟು ಕಾಲ ಎನ್.ಆರ್.ಇ. ಖಾತೆಯ ಬಡ್ಡಿಗೆ ಇಲ್ಲಿ ಆದಾಯ ತೆರಿಗೆ ಇಲ್ಲ, ಎನ್.ಆರ್.ಒ. ಖಾತೆಯ ಬಡ್ಡಿಗೆ ತೆರಿಗೆ ಉಂಟು. ಏಪ್ರಿಲ್‌ನಿಂದ ಮಾರ್ಚ್‌ವರೆಗಿನ ಒಂದು ವರ್ಷದಲ್ಲಿ 182 ದಿನ ಅಥವಾ ಹೆಚ್ಚು ಭಾರತದಲ್ಲಿದ್ದವರನ್ನು ತೆರಿಗೆಯ ಮಟ್ಟಿಗೆ ನಿವಾಸಿಗಳೆಂದು ಎಣಿಸುತ್ತಾರೆ. ಇಲ್ಲಿ ಹೆಚ್ಚಿನ ಆದಾಯವುಳ್ಳವರಿಗೆ ನಿಯಮ ಇನ್ನೂ ಬಿಗಿಯಾಗಿದೆ. ಅವರು ಲೆಕ್ಕಪರಿಶೋಧಕರನ್ನು ಕೇಳುವುದು ಲೇಸು.

ಮಡದಿಯರು ತಿಳಿದಿರಬೇಕಾದ ಒಂದು ಮಾತು ಇದೆ. ಎನ್.ಆರ್.ಇ. ಖಾತೆಯಲ್ಲಿ ಊರಿನಲ್ಲಿರುವ ಹೆಂಡತಿಯ ಹೆಸರನ್ನು ಸೇರಿಸಬಹುದು. ಆದರೆ ಗಂಡ ಬದುಕಿರುವಾಗ, ಅಧಿಕಾರಪತ್ರವಿಲ್ಲದೆ ಆಕೆ ಅದರಿಂದ ಹಣ ತೆಗೆಯುವಂತಿಲ್ಲ. ಪುಸ್ತಕದಲ್ಲಿ ಹೆಸರಿದೆಯೆಂದು ನಂಬಿ ಕುಳಿತು, ಆಸ್ಪತ್ರೆಯ ಖರ್ಚು ಬಂದಾಗ ಬ್ಯಾಂಕಿನ ಕಿಟಕಿಯಿಂದ ಬರಿಗೈಯಲ್ಲಿ ಮರಳುವ ಪರಿಸ್ಥಿತಿ ಯಾರಿಗೂ ಬಾರದಿರಲಿ. ಪವರ್ ಆಫ್ ಅಟಾರ್ನಿ ಎಂಬ ಆ ಅಧಿಕಾರಪತ್ರವನ್ನು ಪರದೇಶದಲ್ಲಿ ಬರೆದರೆ ಭಾರತೀಯ ರಾಯಭಾರ ಕಚೇರಿಯ ದೃಢೀಕರಣ ಮಾಡಿಸಿ, ಇಲ್ಲಿಗೆ ತಲುಪಿದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ತುಂಬಬೇಕು.

ಅಧಿಕಾರಪತ್ರವು ಕೊಟ್ಟವನ ಮರಣದೊಡನೆ ನಿಂತುಹೋಗುತ್ತದೆ. ಆದ್ದರಿಂದ ಮರಣಶಾಸನವೂ ಬೇಕು. ನಮ್ಮಲ್ಲಿ ಇದನ್ನು ಅಪಶಕುನವೆಂದು ಮುಂದೂಡುತ್ತಾರೆ. ಪ್ರತಿ ಪ್ರಣಾಮ ಮರಿಯದಲ್ಲೂ ನಮ್ಮ ಮರಣದ ಗಳಿಗೆಯನ್ನು ನೆನೆಯುವ ನಾವು ಉಯಿಲು ಬರೆಯಲು ಏಕೆ ಅಂಜಬೇಕು? ಇಬ್ಬರು ಸಾಕ್ಷಿಗಳ ಸಹಿಯಿದ್ದರೆ ಸಾಕು. ನೋಂದಣಿ ಕಡ್ಡಾಯವಲ್ಲ, ಆದರೆ ಒಳ್ಳೆಯದು. ಉಯಿಲಿಲ್ಲದೆ ತೀರಿಕೊಂಡರೆ, ಕ್ರೈಸ್ತರಿಗೆ ಅನ್ವಯಿಸುವ 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಂತೆ ಮೂರನೆಯ ಒಂದು ಭಾಗ ವಿಧವೆಗೆ, ಉಳಿದ ಎರಡು ಭಾಗ ಮಕ್ಕಳಿಗೆ. ಬ್ಯಾಂಕಿನಲ್ಲಿ ನಾಮಿನಿ ಎಂದು ತಮ್ಮನ ಹೆಸರು ಕೊಟ್ಟಿದ್ದರೆ ಹಣ ತಮ್ಮನದಾಗುವುದಿಲ್ಲ. ಅವನು ವಾರಸುದಾರರ ಪರವಾಗಿ ಪಡೆಯುವವನು ಮಾತ್ರ. ಇದು ತಿಳಿಯದೆ ಅಣ್ಣತಮ್ಮಂದಿರು ಮಾತು ಬಿಟ್ಟ ಮನೆಗಳಿವೆ.

ಎರಡು ಧರ್ಮಕೇಂದ್ರಗಳ ಮಕ್ಕಳು

ಎರಡು ಊರಲ್ಲಿ ಬಾಳುವವರನ್ನು ಧರ್ಮಸಭೆ ಪರಕೀಯರಂತೆ ಕಾಣುವುದಿಲ್ಲ. 1983ರ ಧರ್ಮಸಭೆಯ ಕಾನೂನು ಸಂಹಿತೆಯ 102ನೆಯ ನಿಯಮವು ಶಾಶ್ವತ ನೆಲೆಯ ಜೊತೆಗೆ ಅರೆನೆಲೆಯನ್ನೂ ಒಪ್ಪುತ್ತದೆ. ಒಂದು ಧರ್ಮಕೇಂದ್ರದಲ್ಲಿ ಮೂರು ತಿಂಗಳು ಇರುವ ಉದ್ದೇಶದಿಂದ ನೆಲೆಸಿದರೆ, ಅಥವಾ ಮೂರು ತಿಂಗಳು ಇದ್ದದ್ದೇ ಆದರೆ, ನೀವು ಅಲ್ಲಿಯವರೂ ಹೌದು. ಅಲ್ಲಿನ ಗುರುಗಳು ನಿಮ್ಮ ಗುರುಗಳೂ ಹೌದು. ಮೊಮ್ಮಗುವಿನ ಆರೈಕೆಗೆಂದು ಆಸ್ಟ್ರೇಲಿಯಕ್ಕೋ ಕೆನಡಕ್ಕೋ ಹೋಗಿ ಆರು ತಿಂಗಳು ಇರುವ ಅಜ್ಜಿ ಅಜ್ಜಂದಿರಿಗೂ ಇದು ಅನ್ವಯಿಸುತ್ತದೆ. ಆದ್ದರಿಂದ ಹೋದ ಕೂಡಲೇ ಅಲ್ಲಿನ ಧರ್ಮಕೇಂದ್ರದಲ್ಲಿ ಹೆಸರು ಬರೆಸಿರಿ.

ಗಲ್ಫಿನಲ್ಲಿ ದುಬೈಯ ಸಂತ ಮೇರಿ ದೇವಾಲಯ, ಅಬುಧಾಬಿಯ ಸಂತ ಜೋಸೆಫರ ಪ್ರಧಾನಾಲಯ, ಕುವೈತಿನ ಪವಿತ್ರ ಕುಟುಂಬದ ಪ್ರಧಾನಾಲಯಗಳು ನಮ್ಮವರಿಗೆ ಪರಿಚಿತ. ಶುಕ್ರವಾರ ರಜೆಯಿರುವ ದೇಶಗಳಲ್ಲಿ ಭಾನುವಾರದ ಪೂಜೆಯನ್ನು ಶುಕ್ರವಾರವೂ ಅರ್ಪಿಸುವ ರೂಢಿಯಿದೆ. ಅಮೀರಾತಿನ ಸರಕಾರಿ ಕಚೇರಿಗಳ ವಾರದ ರಜೆ 2022ರಿಂದ ಶನಿವಾರ, ಭಾನುವಾರಕ್ಕೆ ಬದಲಾಗಿದೆ. ಸೌದಿ ಅರೇಬಿಯದಲ್ಲಿ ದೇವಾಲಯಗಳಿಲ್ಲ. ಅಲ್ಲಿರುವವರು ಭಾನುವಾರದ ವಾಚನಗಳನ್ನು ಕೋಣೆಯಲ್ಲೇ ಓದಿ, ಮನಸ್ಸಿನಲ್ಲೇ ಪ್ರಭುವನ್ನು ಬರಮಾಡಿಕೊಳ್ಳಲಿ. ರಜೆಗೆ ಬಂದಾಗ ಮೊದಲ ವಾರದಲ್ಲೇ ಪಾಪನಿವೇದನೆ ಮಾಡಿ ಪರಮಪ್ರಸಾದ ಸ್ವೀಕರಿಸಲಿ.

ಧರ್ಮಕೇಂದ್ರದ ಕಚೇರಿಯಲ್ಲಿ ಹೆಚ್ಚಿನ ಗಡಿಬಿಡಿ ಮದುವೆಯ ವಿಷಯದಲ್ಲಿ. ತಿಂಗಳ ರಜೆಯಲ್ಲಿ ಹೆಣ್ಣು ನೋಡಿ, ನಿಶ್ಚಯ ಮಾಡಿ, ಮದುವೆಯಾಗಿ ಹೊರಡಬೇಕು. ಆದರೆ ಹೊಸದಾಗಿ ಪಡೆದ ಜ್ಞಾನಸ್ನಾನ ಪತ್ರ, ಬೇರೆ ಮದುವೆಯ ಬಂಧನವಿಲ್ಲವೆಂದು ಅಲ್ಲಿನ ಗುರುಗಳು ಕೊಡುವ ಪತ್ರ, ವಿವಾಹ ಸಿದ್ಧತಾ ಶಿಬಿರ, ದೇವಾಲಯದಲ್ಲಿ ಪ್ರಕಟಣೆ ಇವೆಲ್ಲಕ್ಕೆ ಸಮಯ ಬೇಕು. ವಿಮಾನದ ಟಿಕೆಟ್ ಮಾಡುವ ಮೊದಲೇ ಎರಡೂ ಕಡೆಯ ಗುರುಗಳಿಗೆ ತಿಳಿಸಿರಿ. ಮಗುವಿನ ಜ್ಞಾನಸ್ನಾನ ಅಲ್ಲಿ ನಡೆದಿದ್ದರೆ ದಾಖಲೆ ಅಲ್ಲಿನ ಪುಸ್ತಕದಲ್ಲೇ ಇರುತ್ತದೆ. ಪತ್ರವನ್ನು ಅಂದೇ ಪಡೆದು ತನ್ನಿರಿ. ಇಪ್ಪತ್ತೈದು ವರ್ಷ ಕಳೆದು ಆ ಮಗು ಮದುವೆಗೆ ನಿಂತಾಗ ಅದು ಬೇಕಾಗುತ್ತದೆ.

ಸಮಯದ ಕ್ರಮ

ದುಬೈ ಮತ್ತು ಮಸ್ಕತ್‌ಗಳ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಕುವೈತ್, ಬಹರೈನ್, ಕತಾರ್, ಸೌದಿಗಳದ್ದು ಎರಡೂವರೆ ಗಂಟೆ ಹಿಂದೆ. ಇಲ್ಲಿ ರಾತ್ರಿ ಎಂಟೂವರೆಗೆ ಜಪಸರ ಆರಂಭಿಸಿದರೆ ದುಬೈಯಲ್ಲಿ ಏಳು, ಕುವೈತಿನಲ್ಲಿ ಆರು. ತಂದೆಯ ಪಾಳಿ ನೋಡಿ ವಾರಕ್ಕೆ ಎರಡು ದಿನವಾದರೂ ಒಂದು ರಹಸ್ಯವನ್ನು ಅವನು ಫೋನಿನಲ್ಲೇ ನಡೆಸಿಕೊಡಲಿ. ಅಂಕಪಟ್ಟಿ ಕೇಳಲು, ಗದರಿಸಲು ಮಾತ್ರ ಬರುವ ದನಿ ಮಕ್ಕಳಿಗೆ ಭಾರವಾಗುತ್ತದೆ. ಜೊತೆಗೆ ಪ್ರಾರ್ಥಿಸುವ ದನಿ ಮನೆಯದೇ ಆಗಿ ಉಳಿಯುತ್ತದೆ.

ರಜೆಯ ಮೂವತ್ತು ದಿನಗಳನ್ನೂ ರೋಸ್, ಮದುವೆ, ಔತಣಗಳು ನುಂಗದಿರಲಿ. ಮೊದಲ ಮೂರು ದಿನ ಮನೆಯವರಿಗೇ ಇರಲಿ. ಒಂದು ದಿನ ತಂದೆಯೇ ಮಕ್ಕಳನ್ನು ಶಾಲೆಗೆ ಬಿಟ್ಟು, ಅವರ ಶಿಕ್ಷಕರನ್ನು ಕಂಡು ಬರಲಿ. ಒಂದು ಸಂಜೆ ಗಂಡಹೆಂಡಿರು ಲೆಕ್ಕದ ಪುಸ್ತಕ ತೆರೆದು ಕುಳಿತುಕೊಳ್ಳಲಿ. ಇಷ್ಟು ಕಾಲ ಮನೆಯನ್ನು ಒಬ್ಬಳೇ ನಡೆಸಿದವಳ ರೀತಿನೀತಿಗಳನ್ನು ಬಂದ ಮರುದಿನವೇ ಬದಲಾಯಿಸಹೊರಡುವುದು ನ್ಯಾಯವಲ್ಲ.

ಮರಳುವ ದಿನ

ಜಗದ್ಗುರು ಎರಡನೇ ಜಾನ್ ಪಾಲರು 1981ರ ತಮ್ಮ ಲಬೋರೆಮ್ ಎಕ್ಸರ್ಸೆನ್ಸ್ ಎಂಬ ವಿಶ್ವಪರಿಪತ್ರದಲ್ಲಿ, ಉತ್ತಮ ಬದುಕನ್ನು ಅರಸಿ ಪರನಾಡಿಗೆ ಹೋಗುವ ಹಕ್ಕು ಮನುಷ್ಯನಿಗಿದೆ, ಮರಳುವ ಹಕ್ಕೂ ಇದೆ ಎಂದು ಕಲಿಸಿದರು. ಎರಡನೆಯದನ್ನು ನಾವು ಮರೆಯುತ್ತೇವೆ. ಗಲ್ಫಿನಲ್ಲಿ ಹೊರದೇಶದ ನೌಕರರಿಗೆ ಸಾಮಾನ್ಯವಾಗಿ ಪಿಂಚಣಿಯಿಲ್ಲ. ಅಮೀರಾತಿನ ನಿಯಮದಂತೆ ಸೇವೆ ಮುಗಿದಾಗ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ 21 ದಿನಗಳ, ಆಮೇಲಿನ ವರ್ಷಗಳಿಗೆ 30 ದಿನಗಳ ಮೂಲವೇತನ ದೊರೆಯುತ್ತದೆ. ಅದೂ ಭತ್ಯೆ ಸೇರದ ಮೂಲವೇತನ. ಇದನ್ನು ತಿಳಿದು, ಯಾವ ವರ್ಷ ಮರಳುವುದು, ಅದಕ್ಕೆ ಎಷ್ಟು ಉಳಿತಾಯ ಬೇಕು ಎಂದು ದಂಪತಿಗಳು ಕೂಡಿ ನಿರ್ಧರಿಸಲಿ. ಕೊನೆಯಿಲ್ಲದ ಆಸೆಗೆ ಇನ್ನೂ ಒಂದು ವರ್ಷ, ಮತ್ತೂ ಒಂದು ವರ್ಷ ಎಂದು ಬಾಳನ್ನೇ ಮುಂದೂಡುವುದು ಬೇಡ.

ಜಗದ್ಗುರು ಹನ್ನೆರಡನೇ ಪಿಯುಸರು 1952ರಲ್ಲಿ ವಲಸಿಗರ ಕುರಿತು ಬರೆದಾಗ, ಐಗುಪ್ತಕ್ಕೆ ಹೋದ ಪವಿತ್ರ ಕುಟುಂಬವನ್ನೇ ಎಲ್ಲ ವಲಸಿಗ ಕುಟುಂಬಗಳಿಗೆ ಮಾದರಿಯಾಗಿ ತೋರಿದರು. ಸಂತ ಜೋಸೆಫರು ಪರದೇಶಕ್ಕೆ ಹೋದದ್ದು ಮಗುವನ್ನು ಉಳಿಸಲು. ಕಾಲ ಬಂದಾಗ ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಮರಳಿದರು. ಹೋದದ್ದು ಯಾರಿಗಾಗಿ ಎಂಬುದನ್ನು ಅವರು ಒಂದು ದಿನವೂ ಮರೆಯಲಿಲ್ಲ.

ಮನೆಯವರೆಲ್ಲ ಕೂಡಿ ಚಿಂತಿಸಲು

1. ನಮ್ಮ ಮನೆಯ ಮುಖ್ಯ ಕಾಗದಪತ್ರಗಳು ಎಲ್ಲಿವೆಯೆಂದು ಗಂಡಹೆಂಡಿರಿಬ್ಬರಿಗೂ ಗೊತ್ತಿದೆಯೇ?

2. ಒಬ್ಬರಿಗೆ ಇಂದು ಅಪಾಯ ಬಂದರೆ ಮತ್ತೊಬ್ಬರು ನಾಳೆ ಮನೆ ನಡೆಸಬಲ್ಲರೇ?

3. ಮುಂದಿನ ರಜೆಯಲ್ಲಿ ಮನೆಯವರಿಗೆಂದೇ ಮೀಸಲಾದ ದಿನಗಳೆಷ್ಟು?

4. ಮರಳುವ ವರ್ಷದ ಬಗ್ಗೆ ನಾವು ಒಮ್ಮೆಯಾದರೂ ಕೂಡಿ ಮಾತನಾಡಿದ್ದೇವೆಯೇ?

ಉತ್ತರ ಸಿಗದ ಪ್ರಶ್ನೆಯನ್ನು ಕಾಗದದಲ್ಲಿ ಬರೆದಿಡಿರಿ. ಈ ವಾರದ ಫೋನ್ ಕರೆಯಲ್ಲಿ ಮೊದಲು ಅದನ್ನೇ ಮಾತನಾಡಿರಿ. ನಜರೇತಿನ ಪವಿತ್ರ ಕುಟುಂಬವು ಎರಡೂ ಊರುಗಳಲ್ಲಿರುವ ನಿಮ್ಮನ್ನು ಕಾಪಾಡಲಿ.