ಬಿಟ್ಟ ಕೆಲಸ, ಬಿಡಬಾರದ ಹಕ್ಕು

ಕೆಲಸವಿಲ್ಲದ ತಿಂಗಳುಗಳು ಎಂಥವೆಂದು ಭದ್ರಾವತಿಗೆ ಯಾರೂ ಹೇಳಿಕೊಡಬೇಕಿಲ್ಲ. 1936ರಲ್ಲಿ ಹುಟ್ಟಿದ ಎಂಪಿಎಂ ಕಾಗದ ಕಾರ್ಖಾನೆ ಸ್ತಬ್ಧವಾಗಿ ವರ್ಷಗಳೇ ಕಳೆದಿವೆ. 2023ರ ಜನವರಿಯಲ್ಲಿ ವಿಐಎಸ್‌ಎಲ್ ಉಕ್ಕಿನ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನ ಹೊರಬಿದ್ದಾಗ ಗುತ್ತಿಗೆ ಕಾರ್ಮಿಕರು ತಿಂಗಳುಗಟ್ಟಲೆ ಧರಣಿ ಕೂತರು. ಆಗಸ್ಟ್‌ನಲ್ಲಿ ಅದರ ಬಾರ್ ಮಿಲ್ ಮತ್ತೆ ಶುರುವಾಯಿತು. ಇನ್ನೊಂದೆಡೆ, ತಾವಾಗಿಯೇ ರಾಜೀನಾಮೆ ಕೊಟ್ಟು ಮುಂದಿನ ಕೆಲಸಕ್ಕೆ ಸೇರುವ ಮುನ್ನ ಒಂದೆರಡು ತಿಂಗಳು ಸುಧಾರಿಸಿಕೊಳ್ಳುವವರಿದ್ದಾರೆ. ಮಾಚೇನಹಳ್ಳಿಯ ಗಾರ್ಮೆಂಟ್ಸ್ ಬಿಟ್ಟವರು, ಶಿವಮೊಗ್ಗದ ಅಂಗಡಿ, ಆಸ್ಪತ್ರೆ ಬಿಟ್ಟವರು, ಅಡಿಕೆ ಕೊಯ್ಲಿಗೆಂದು ಮನೆಗೆ ಹೋದವರು.

ಹೀಗೆ ಬಿಡುವು ಮಾಡಿಕೊಳ್ಳುವುದು ತಪ್ಪಲ್ಲ. ಕೊನೆಯ ದಿನವನ್ನು ಲೆಕ್ಕ ಹಾಕದೆ ಗೊತ್ತು ಮಾಡಿಕೊಂಡರೆ ಮಾತ್ರ ನಷ್ಟ.

ಮೊದಲು ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿ ಎಷ್ಟಿದೆ ನೋಡಬೇಕು. ರಾಜೀನಾಮೆಯನ್ನು ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬೇಕು. ಮೇಲ್ವಿಚಾರಕರಿಗೆ ಬಾಯಿಮಾತಲ್ಲಿ ಹೇಳಿ ಹೊರಟರೆ ನಾಳೆ ಅದನ್ನು ಗೈರುಹಾಜರಿ ಎಂದೂ ಬರೆಯಬಹುದು. 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯಂತೆ, ರಾಜೀನಾಮೆ ಕೊಟ್ಟವರ ಬಾಕಿ ಸಂಬಳ ಎರಡು ಕೆಲಸದ ದಿನಗಳೊಳಗೆ ಕೈಸೇರಬೇಕು. ‘ಮುಂದಿನ ತಿಂಗಳು ಬನ್ನಿ’ ಎಂಬ ಮಾತಿಗೆ ಕಾನೂನಿನಲ್ಲಿ ಜಾಗವಿಲ್ಲ.

ಕಾಯಂ ನೌಕರರಿಗೆ ಗ್ರಾಚ್ಯುಟಿ ಸಿಗಲು ಒಂದೇ ಸಂಸ್ಥೆಯಲ್ಲಿ ಐದು ವರ್ಷ ಸತತ ಸೇವೆ ಬೇಕು. ಲೆಕ್ಕಕ್ಕೆ ಬರುವ ಕೊನೆಯ ಸಂಬಳ ₹13,000 ಇದ್ದರೆ ಅದನ್ನು 26ರಿಂದ ಭಾಗಿಸಿ, 15ರಿಂದ, ಮತ್ತೆ 5ರಿಂದ ಗುಣಿಸಬೇಕು: ₹37,500. ನಾಲ್ಕೂವರೆ ವರ್ಷಕ್ಕೇ ಬೇಸತ್ತು ಹೊರಟವರು ಈ ಹಣ ಕಳೆದುಕೊಳ್ಳುತ್ತಾರೆ. ಹಳೆಯ ಸಂಸ್ಥೆಯ ವರ್ಷಗಳು ಹೊಸ ಸಂಸ್ಥೆಗೆ ಬರುವುದಿಲ್ಲ. ಆರು ತಿಂಗಳು ತಾಳುವುದೇ ಲೇಸು.

ಇಎಸ್‌ಐ ವಿಷಯದಲ್ಲಿ ತಪ್ಪು ತಿಳಿವಳಿಕೆ ಹೆಚ್ಚು. ಕೆಲಸ ಬಿಟ್ಟ ದಿನವೇ ಕಾರ್ಡು ಸತ್ತುಹೋಯಿತೆಂದು ಎಷ್ಟೋ ಮಂದಿ ಖಾಸಗಿ ಆಸ್ಪತ್ರೆಗೆ ಸಾಲ ಮಾಡಿ ಹೋಗುತ್ತಾರೆ. ನಿಜವಾಗಿ, ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ವಂತಿಗೆಗೆ ಮರುವರ್ಷದ ಜನವರಿಯಿಂದ ಜೂನ್‌ವರೆಗೆ ಸೌಲಭ್ಯ. ಅಕ್ಟೋಬರ್‌ನಿಂದ ಮಾರ್ಚ್‌ವರೆಗಿನದಕ್ಕೆ ಜುಲೈಯಿಂದ ಡಿಸೆಂಬರ್. ಒಂದೊಂದು ಅವಧಿಯಲ್ಲೂ ಕನಿಷ್ಠ 78 ದಿನದ ವಂತಿಗೆ ಇರಬೇಕು. ಅಂದರೆ ವರ್ಷಗಟ್ಟಲೆ ದುಡಿದು ಆಗಸ್ಟ್ ಕೊನೆಗೆ ಬಿಟ್ಟ ಮಹಿಳೆಗೆ ಮುಂದಿನ ಜೂನ್ 30ರವರೆಗೂ ಚಿಕಿತ್ಸೆಯ ಹಕ್ಕಿದೆ. ಇಎಸ್‌ಐ ಹೆರಿಗೆ ಭತ್ಯೆಗೆ 70 ದಿನದ ವಂತಿಗೆ ಬೇಕು. ಬಸುರಿ ಹೆಣ್ಣುಮಕ್ಕಳು ಕೆಲಸ ಬದಲಿಸುವ ಮುನ್ನ ಈ ದಿನಗಳನ್ನು ಎಣಿಸಲೇಬೇಕು. ಹೊಸ ಕಡೆಯಲ್ಲೂ ಹಳೆಯ ಇಎಸ್‌ಐ ಸಂಖ್ಯೆಯನ್ನೇ ಕೊಡಬೇಕು.

ಇನ್ನು ಪಿಎಫ್. ಬಿಡುವಿನಲ್ಲಿ ಕೈ ಖಾಲಿಯಾದಾಗ ಎಲ್ಲರ ಕಣ್ಣು ಬೀಳುವುದು ಅದರ ಮೇಲೆಯೇ. ಐದು ವರ್ಷ ತುಂಬುವ ಮುನ್ನ ತೆಗೆದರೆ ತೆರಿಗೆ ಬೀಳಬಹುದು. ಪಿಂಚಣಿಯ ಪಾಲನ್ನೂ ತೆಗೆದರೆ ಅಷ್ಟು ವರ್ಷದ ಸೇವೆ ಅಳಿಸಿಹೋಗುತ್ತದೆ. ಪಿಂಚಣಿಗೆ ಬೇಕಾದ ಹತ್ತು ವರ್ಷವನ್ನು ಮತ್ತೆ ಒಂದರಿಂದ ಎಣಿಸಬೇಕು. ಹಣವನ್ನು ಹಾಗೇ ಬಿಟ್ಟು ಹೊಸ ಕೆಲಸದ ಖಾತೆಗೆ ವರ್ಗಾಯಿಸಿಕೊಳ್ಳುವುದು ಜಾಣತನ. ಬಿಡುವಿನ ತಿಂಗಳುಗಳಿಗೂ ಬಡ್ಡಿ ಬರುತ್ತದೆ. ಸದಸ್ಯ ತೀರಿಕೊಂಡರೆ ಕುಟುಂಬಕ್ಕೆ ಸಿಗುವ ಇಡಿಎಲ್‌ಐ ವಿಮೆಗೆ, ಎರಡು ಕೆಲಸಗಳ ನಡುವಿನ ಎರಡು ತಿಂಗಳವರೆಗಿನ ಅಂತರವನ್ನು ಸೇವೆಯ ಕಡಿತವೆಂದು ನೋಡಬಾರದೆಂದು ಪಿಎಫ್ ಟ್ರಸ್ಟಿಗಳ ಮಂಡಳಿ 2025ರ ಫೆಬ್ರವರಿ 28ರಂದು ತೀರ್ಮಾನಿಸಿತು. ಬಿಡುವು ಆ ಎರಡು ತಿಂಗಳೊಳಗೆ ಮುಗಿದರೆ ಒಳ್ಳೆಯದು.

ಗುತ್ತಿಗೆದಾರ ಬದಲಾದಾಗಲೂ ಪಿಎಫ್ ಸದಸ್ಯರ ಸಂಖ್ಯೆಯಾದ ಯುಎಎನ್ ಒಂದೇ ಇರಬೇಕು. ಕೆಲಸ ಬಿಟ್ಟ ದಿನಾಂಕವನ್ನು ಮಾಲೀಕರು ನಮೂದಿಸದಿದ್ದರೆ, ಎರಡು ತಿಂಗಳ ನಂತರ ಪಿಎಫ್ ಪೋರ್ಟಲ್‌ನಲ್ಲಿ ‘ಮಾರ್ಕ್ ಎಕ್ಸಿಟ್’ ಒತ್ತಿ ಸದಸ್ಯರೇ ತುಂಬಬಹುದು.

ಇಷ್ಟಾಗಿಯೂ ಬಾಕಿ ಬರದಿದ್ದರೆ ಕಾರ್ಮಿಕ ಇಲಾಖೆಗೆ ಲಿಖಿತ ದೂರು ಕೊಡಬೇಕು, ಪಿಎಫ್ ಕುರಿತ ದೂರನ್ನು ಶಿವಮೊಗ್ಗದ ಪಿಎಫ್ ಪ್ರಾದೇಶಿಕ ಕಚೇರಿಗೆ. ವಕೀಲರಿಗೆ ಕೊಡಲು ದುಡ್ಡಿಲ್ಲವೆಂದು ಸುಮ್ಮನಾಗಬೇಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯಂತೆ ಮಹಿಳೆಯರಿಗೂ ಕೈಗಾರಿಕಾ ಕಾರ್ಮಿಕರಿಗೂ ನೆರವು ಉಚಿತ. ಶಿವಮೊಗ್ಗದಲ್ಲಿ ಜಿಲ್ಲಾ ಪ್ರಾಧಿಕಾರವಿದೆ, ಭದ್ರಾವತಿಯಲ್ಲಿ ತಾಲ್ಲೂಕು ಸಮಿತಿಯಿದೆ, ಸಹಾಯವಾಣಿ 15100.