ಅಂಕ ಕೊಡುವುದು ಕೊನೆಯ ಹೆಜ್ಜೆಯಾಗಲಿ

ಮುಂದಿನ ವರ್ಷದಿಂದ ಪೂರ್ವಸಿದ್ಧತಾ ಪರೀಕ್ಷೆಯ ಕನ್ನಡ ಉತ್ತರಪತ್ರಿಕೆಗಳನ್ನು ಕೃತಕ ಬುದ್ಧಿಮತ್ತೆಯಿಂದಲೇ ತಿದ್ದಿಸಬಹುದೇ ಎಂದು ಕೇಳಿದ್ದೀರಿ. ಬೇಡ, ಕನಿಷ್ಠ ಮೊದಲ ವರ್ಷವಂತೂ ಬೇಡ. ಬಸವನಗುಡಿಯ ನಿಮ್ಮ ಶಾಲೆಗೆ ದೂರವೇನಲ್ಲದ ಮಲ್ಲೇಶ್ವರದ ಪರೀಕ್ಷಾ ಮಂಡಳಿಯನ್ನೇ ನೋಡಿ: ಎಸ್ಸೆಸ್ಸೆಲ್ಸಿ ಬರೆದವರು ಉತ್ತರಪತ್ರಿಕೆಯ ನಕಲು ಪಡೆದು ಮರುಮೌಲ್ಯಮಾಪನ ಕೇಳಬಹುದು. ಪ್ರಶ್ನಿಸಲು ದಾರಿಯಿರುವುದರಿಂದಲೇ ಅಂಕಕ್ಕೆ ಬೆಲೆ. ಅಂಕವನ್ನು ಬರೀ ಲೆಕ್ಕಕ್ಕೆ ಬಿಟ್ಟಾಗ ಏನಾಯಿತೆಂದೂ ನೋಡಿ: 2020ರಲ್ಲಿ ಇಂಗ್ಲೆಂಡಿನಲ್ಲಿ ಪರೀಕ್ಷೆ ರದ್ದಾಗಿ, ಗಣಿತಸೂತ್ರವೊಂದು ಪದವಿಪೂರ್ವ ಮಟ್ಟದ ಎ-ಲೆವೆಲ್ ಗ್ರೇಡ್ ನಿರ್ಧರಿಸಿತು. ಶೇ. 40ರಷ್ಟು ಗ್ರೇಡುಗಳು ಶಿಕ್ಷಕರ ಅಂದಾಜಿಗಿಂತ ಕೆಳಗಿಳಿದವು. ಮಕ್ಕಳು ಬೀದಿಗಿಳಿದ ಮೇಲೆ ಸರ್ಕಾರ ಅದನ್ನು ಕೈಬಿಟ್ಟಿತು. (ಅದು ಇಂದಿನ ಎಐ ಕೂಡ ಅಲ್ಲ, ಬರೀ ಅಂಕಿಅಂಶದ ಲೆಕ್ಕ.)

ಮೇಷ್ಟ್ರುಗಳೂ ತಪ್ಪು ಮಾಡುವುದಿಲ್ಲವೇ ಎಂದು ನಿಮ್ಮ ಆಡಳಿತ ಮಂಡಳಿ ಕೇಳೀತು. ಮಾಡುತ್ತಾರೆ, ಆದರೆ ಒಬ್ಬೊಬ್ಬರದು ಒಂದೊಂದು ಬಗೆ. ಯಂತ್ರ ಒತ್ತಕ್ಷರವನ್ನೋ ಕಲಬುರಗಿ ಕಡೆಯ ಮಾತನ್ನೋ ತಪ್ಪಾಗಿ ಓದಿದರೆ, ಹಾಗೆ ಬರೆಯುವ ಎಲ್ಲ ಮಕ್ಕಳಿಗೂ ಒಂದೇ ಪೆಟ್ಟು. ಖರ್ಚು ಉಳಿಯುತ್ತದೆ ಎಂಬ ವಾದ ನಿಜವೇ; ಅದಕ್ಕಾಗಿ ಅಂಕಗಳ ಕೂಡಿಕೆ, ಬಿಟ್ಟುಹೋದ ಉತ್ತರಗಳ ಪತ್ತೆಯನ್ನು ಯಂತ್ರಕ್ಕೆ ಕೊಡಿ. ಜೊತೆಗೆ, ಪ್ರಯೋಗಕ್ಕೆಂದು, ಇಬ್ಬರು ಶಿಕ್ಷಕರು ಬೇರೆಬೇರೆಯಾಗಿ ತಿದ್ದಿದ ಹಳೆಯ ಪತ್ರಿಕೆಗಳನ್ನು, ಅಂಕ ಮರೆಮಾಡಿ, ಯಂತ್ರದಿಂದ ತಿದ್ದಿಸಿ. ಯಾವುದೇ ಪ್ರಶ್ನೆಯಲ್ಲಿ ಶಿಕ್ಷಕರಿಬ್ಬರ ಅಂಕಗಳ ಅಂತರಕ್ಕಿಂತ ಶಿಕ್ಷಕರಿಗೂ ಯಂತ್ರಕ್ಕೂ ನಡುವಿನ ಅಂತರ ಹೆಚ್ಚಿದ್ದರೆ ಆ ಪ್ರಶ್ನೆಯನ್ನು ಅದಕ್ಕೆ ಕೊಡಬೇಡಿ. ಹೆಸರು, ನೋಂದಣಿ ಸಂಖ್ಯೆ ತೆಗೆದೇ ಸ್ಕ್ಯಾನ್ ಮಾಡಿ. ಏಕೆಂದರೆ, 2023ರ ದತ್ತಾಂಶ ರಕ್ಷಣಾ ಕಾಯ್ದೆ ಹದಿನೆಂಟು ತುಂಬದವರ ವೈಯಕ್ತಿಕ ಮಾಹಿತಿ ಬಳಸಲು ಸಾಮಾನ್ಯವಾಗಿ ಪೋಷಕರ ಒಪ್ಪಿಗೆ ಬೇಕೆನ್ನುತ್ತದೆ.