ಶಾವಿಗೆ ಡಬ್ಬಿಯೊಳಗಿನ ಗುಳಿಗೆ

ಟಿಬಿ ಗುಳಿಗೆಗಳನ್ನು ನಾನು ಶಾವಿಗೆ ಡಬ್ಬಿಯೊಳಗೆ ಇಡುತ್ತಿದ್ದೆ, ಬಂದುಹೋಗುವವರ ಕಣ್ಣಿಗೆ ಬೀಳಬಾರದೆಂದು. ಬೆಳಗಿನ ಐದೂವರೆಗೆ, ಮನೆಯವರು ಏಳುವ ಮೊದಲು, ಖಾಲಿ ಹೊಟ್ಟೆಯಲ್ಲಿ ಮೂರು ಗುಳಿಗೆ. 2024ರ ಜೂನ್‌ನಲ್ಲಿ ಶುರುವಾಗಿತ್ತು. ಕುತ್ತಿಗೆಯಲ್ಲಿ ಎದ್ದ ಗಂಟಿಗೆ ಸೂಜಿ ಹಾಕಿ ಪರೀಕ್ಷೆ ಮಾಡಿ ಟಿಬಿ ಅಂದಿದ್ದರು. ಗಂಟಿನ ಟಿಬಿ ಒಬ್ಬರಿಂದ ಒಬ್ಬರಿಗೆ ಹರಡುವುದಿಲ್ಲ. ಶಿಕ್ಷಕಿಯಾದ ನಾನು ಶಾಲೆ ಬಿಡಬೇಕಾಗಿಯೂ ಇರಲಿಲ್ಲ. ಆದರೆ ಬೆಳಗಾವಿಯಿಂದ ಅಕ್ಕ ಫೋನಿನಲ್ಲಿ, "ನಮ್ಮ ಹುಡುಗಿ ಲಗ್ನದ ಮಾತು ನಡದೈತಿ. ಯಾರ ಮುಂದೂ ಬಾಯಿ ಬಿಡಬ್ಯಾಡ. ಆರ್ ತಿಂಗಳ ಹೆಂಗರ ತಡ್ಕೋ" ಅಂದಳು. ಖಾನಾಪುರದಂಥ ಊರಿನಲ್ಲಿ ಅಕ್ಕೋರಿಗೆ ಟಿಬಿ ಅಂತ ಗೊತ್ತಾದರೆ ಮಕ್ಕಳ ತಾಯಂದಿರು ಏನಂದಾರೋ ಎಂಬ ಅಂಜಿಕೆ ನನಗೂ ಇತ್ತು. ಟಿಬಿಯವರಿಗೆ ಸರಕಾರ ಪೌಷ್ಟಿಕ ಆಹಾರಕ್ಕೆಂದು ಆಗ ತಿಂಗಳಿಗೆ ಕೊಡುತ್ತಿದ್ದ 500 ರೂಪಾಯಿ ಜಮಾ ಆದಾಗ ಬಂದ ಮೆಸೇಜನ್ನೂ ಅಳಿಸಿಹಾಕಿದೆ.

ಮೂರನೆಯ ವಾರಕ್ಕೆ ಮೊಣಕಾಲು, ಪಾದದ ಕೀಲು ಹಿಡಿದುಕೊಂಡವು. ಬೋರ್ಡಿನ ಮುಂದೆ ನಿಲ್ಲಲು ಆಗುತ್ತಿರಲಿಲ್ಲ. ಟಿಬಿ ಗುಳಿಗೆಯಲ್ಲಿರುವ ಪೈರಾಜಿನಮೈಡ್ ಎಂಬ ಔಷಧ ಯೂರಿಕ್ ಆಮ್ಲವನ್ನು ಮೈಯಿಂದ ಹೊರಹೋಗದಂತೆ ತಡೆಯುತ್ತದೆ, ಕೀಲುನೋವು ಬರುವುದು ಅದರಿಂದಲೇ ಎಂದು ತಿಳಿದದ್ದು ಎಲ್ಲ ಮುಗಿದ ಮೇಲೆ. ಗುಳಿಗೆ ಕೊಟ್ಟವರನ್ನೇ ಕೇಳಿದ್ದರೆ ಹೇಳುತ್ತಿದ್ದರೇನೋ. ನಾನು ಶನಿವಾರ ಶಾಲೆ ಬಿಟ್ಟ ಮೇಲೆ ಬಸ್ಸು ಹತ್ತಿ, 26 ಕಿಲೋಮೀಟರ್ ದೂರದ ಬೆಳಗಾವಿಗೆ ಹೋಗಿ ಎಲುಬಿನ ಡಾಕ್ಟರಿಗೆ ತೋರಿಸಿದೆ. "ಬ್ಯಾರೆ ಗುಳಗಿ ಏನರ ನಡದಾವೇನ್ರಿ?" ಅಂತ ಅವರು ಕೇಳಿದರು. ಅಕ್ಕ ಪಕ್ಕದಲ್ಲೇ ಕೂತಿದ್ದಳು. ಇಲ್ಲ ಅಂದೆ.

ಅವರು ಬರೆದುಕೊಟ್ಟದ್ದು ಅಸಿಕ್ಲೋಫೆನಾಕ್ ಮತ್ತು ಪ್ಯಾರಸಿಟಮಾಲ್ ಸೇರಿದ ಗುಳಿಗೆ, ದಿನಕ್ಕೆ ಎರಡು. ಜುಲೈ ಮಳೆಯಲ್ಲಿ ನೆನೆದು ಜ್ವರ ಬಂತು. ನಮ್ಮೂರಿನ ಔಷಧಿ ಅಂಗಡಿಯಲ್ಲಿ 650 ಮಿಲಿಗ್ರಾಂ ಪ್ಯಾರಸಿಟಮಾಲ್ ಇರುವ ಜ್ವರದ ಗುಳಿಗೆ ಕೇಳಿದೆ. ಚೀಟಿ ಬೇಡಲಿಲ್ಲ, ಬೇರೇನು ತಗೊಳ್ಳುತ್ತೀರಿ ಎಂದೂ ಕೇಳಲಿಲ್ಲ. ಅವನ್ನು ದಿನಕ್ಕೆ ನಾಲ್ಕು ನುಂಗಿದೆ. ನೋವಿನ ಗುಳಿಗೆಯೊಳಗೂ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಇತ್ತು. ಒಟ್ಟು ಕೂಡಿಸಿದರೆ ದಿನಕ್ಕೆ 3250 ಮಿಲಿಗ್ರಾಂ. ಆರೋಗ್ಯವಂತ ದೊಡ್ಡವರಿಗೆ ಹೇಳುವ ಮಿತಿ 4000. ನನ್ನ ತೂಕ 44 ಕಿಲೋ, ಊಟ ಬಿಟ್ಟು ನಾಲ್ಕು ದಿನವಾಗಿತ್ತು, ಹೊಟ್ಟೆಯೊಳಗೆ ಟಿಬಿ ಔಷಧವಿತ್ತು. ಆ ಮಿತಿ ನನ್ನಂಥವರಿಗಲ್ಲ.

ಮೂತ್ರದ ಬಣ್ಣ ಬದಲಾದದ್ದು ನನಗೆ ಕಂಡಿತ್ತು. ಅದನ್ನು ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ. ಗುಳಿಗೆ ಕೊಟ್ಟ ದಿನ ಆರೋಗ್ಯ ಸಿಬ್ಬಂದಿ, "ಒಂದಕ್ಕ ಕೆಂಪಗ ಹೋಗತೈತ್ರಿ ಅಕ್ಕೋರ, ಅಂಜಬ್ಯಾಡ್ರಿ" ಅಂದಿದ್ದರು. ಅದು ನಿಜವೇ; ಟಿಬಿ ಗುಳಿಗೆಯಲ್ಲಿರುವ ರಿಫಾಂಪಿಸಿನ್ ಮೂತ್ರ, ಬೆವರು, ಕಣ್ಣೀರಿಗೂ ಕಿತ್ತಳೆ ಬಣ್ಣ ಕೊಡುತ್ತದೆ. ಯಾವ ಬಣ್ಣ ಬಂದರೆ ಅಂಜಬೇಕು ಎಂಬ ಉಳಿದರ್ಧವನ್ನು ಮಾತ್ರ ಯಾರೂ ಹೇಳಲಿಲ್ಲ. ಗುಳಿಗೆ ನುಂಗಿದ ಮೇಲೆ ಬರುತ್ತಿದ್ದ ಕಿತ್ತಳೆ ಬಣ್ಣ ಸಂಜೆಗೆ ತಿಳಿಯಾಗುತ್ತಿತ್ತು. ಜುಲೈ ಎರಡನೆಯ ವಾರದಲ್ಲಿ ಅದು ಹಾಲು ಹಾಕದ ಚಹಾದಂತೆ ಕಪ್ಪಾಗಿ, ಹಗಲು ರಾತ್ರಿ ಹಾಗೇ ಉಳಿಯಿತು. ಗುಳಿಗೆಯ ಬಣ್ಣವೇ ಎಂದುಕೊಂಡು ಐದು ದಿನ ಕಳೆದೆ. ಅಕ್ಕ ಬಂದವಳು ನನ್ನ ಕಣ್ಣು ನೋಡಿ, ಕಾಮಣಿ ಅಂತ ನೆಲನೆಲ್ಲಿ ಅರೆದು ಕುಡಿಸಿದಳು. ಇನ್ನೆರಡು ದಿನ ಹೋದವು.

ವಾಂತಿ ನಿಲ್ಲದೆ ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದ ರಾತ್ರಿ ಕಾಮಾಲೆಯ ಮಟ್ಟ ತೋರುವ ಬಿಲಿರುಬಿನ್ 6.4, ಲಿವರ್‌ಗೆ ಬಿದ್ದ ಪೆಟ್ಟು ತೋರುವ ಎಸ್‌ಜಿಪಿಟಿ 40ರ ಒಳಗಿರಬೇಕಾದದ್ದು 780. ಡಾಕ್ಟರ ಹುಡುಗಿ, ನನ್ನ ಹಳೆಯ ವಿದ್ಯಾರ್ಥಿನಿಯರ ವಯಸ್ಸಿನವಳು, ಮಂಚದ ಅಂಚಿಗೆ ಕೂತು ಕೇಳಿದಳು: "ಯಾವ್ಯಾವ ಗುಳಗಿ ತಗೊಂಡೀರಿ? ನಾಟಿ ಔಷಧ? ಎಲ್ಲಾ ಹೇಳ್ರಿ." ನೋವಿನ ಗುಳಿಗೆ ಹೇಳಿದೆ, ಜ್ವರದ್ದು ಹೇಳಿದೆ, ನೆಲನೆಲ್ಲಿ ಹೇಳಿದೆ. ಮಂಚದ ಕಾಲ ಬಳಿ ಅಕ್ಕ, ಅವಳ ಪಕ್ಕದಲ್ಲಿ ನೋಡಲೆಂದು ಬಂದಿದ್ದ ಅವಳ ಮುಂದಿನ ಬೀಗತಿ. ಅಕ್ಕ ನನ್ನನ್ನೇ ನೋಡುತ್ತಿದ್ದಳು. "ಇಷ್ಟ ಏನ್ರಿ?" "ಇಷ್ಟರೀ." ಆ ಹುಡುಗಿ ಹೋಗಿ, ಅರ್ಧ ತಾಸಿಗೆ ಮತ್ತೆ ಬಂದು ಮತ್ತೆ ಕೇಳಿದಳು. ಮತ್ತೆ ಅದನ್ನೇ ಹೇಳಿದೆ. ಬೆಳಗಿನ ಐದೂವರೆಗೆ, ಸಲೈನ್ ಬಾಟಲಿ ಒಂದು ಕೈಯಲ್ಲಿ ಎತ್ತಿ ಹಿಡಿದುಕೊಂಡು ಬಚ್ಚಲಿಗೆ ಹೋಗಿ, ಸೆರಗಿನ ಗಂಟು ಬಿಚ್ಚಿ ಮೂರು ಟಿಬಿ ಗುಳಿಗೆ ನುಂಗಿದೆ. ಒಂದು ದಿನವೂ ತಪ್ಪಿಸಬಾರದು ಎಂದಿದ್ದರು. ಆ ಒಂದು ಮಾತನ್ನು ಮಾತ್ರ ಪಾಲಿಸಿದೆ. ಸಂಜೆಗೆ ಬಿಲಿರುಬಿನ್ 9.1. ಆವತ್ತು ಯಾವ ವಾರ ಎಂದು ಕೇಳಿದರೆ ಹೇಳಲು ನನಗೆ ಹೊತ್ತು ಹಿಡಿಯಿತಂತೆ.

ನನ್ನನ್ನು ಉಳಿಸಿದ್ದು ಮಗನ ಹಸಿವು. ಪಿಯುಸಿ ಓದುವ ಹುಡುಗ, ಮನೆಯಲ್ಲಿ ಒಬ್ಬನೇ, ಶಾವಿಗೆ ಉಪ್ಪಿಟ್ಟು ಮಾಡಿಕೊಳ್ಳೋಣ ಎಂದು ಡಬ್ಬಿ ಇಳಿಸಿದ್ದಾನೆ. ಮರುದಿನ ಮೊದಲ ಬಸ್ಸಿಗೆ ಡಬ್ಬಿಯನ್ನೇ ಎತ್ತಿಕೊಂಡು ವಾರ್ಡಿಗೆ ಬಂದ. "ಅವ್ವಾ, ಇದೇನಿದು?" ಅಕ್ಕನ ಎದುರಿಗೇ, ಬೀಗತಿಯ ಎದುರಿಗೇ.

ಡಾಕ್ಟರು ಡಬ್ಬಿಯೊಳಗಿದ್ದ ಗುಳಿಗೆಪಟ್ಟಿ ತಿರುಗಿಸಿ ನೋಡಿ, ಟಿಬಿ ಗುಳಿಗೆಯಲ್ಲಿ ನಾಲ್ಕು ಔಷಧಗಳಿವೆ, ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್ ಮೂರೂ ಲಿವರ್‌ಗೆ ಪೆಟ್ಟು ಕೊಡಬಲ್ಲವು, ಇಥಾಂಬ್ಯುಟಾಲ್‌ನಿಂದ ಆ ಭಯವಿಲ್ಲ ಎಂದರು. ಪ್ಯಾರಸಿಟಮಾಲಿನ ಸ್ವಲ್ಪ ಭಾಗ ಲಿವರ್‌ನಲ್ಲಿ ವಿಷವಾಗುತ್ತದೆ. ಉಂಡು ಗಟ್ಟಿಯಿದ್ದ ದೇಹ ಅದನ್ನು ಅಲ್ಲೇ ತಣಿಸುತ್ತದೆ, ಉಪವಾಸದ ದೇಹಕ್ಕೆ ಆ ಶಕ್ತಿ ಇರುವುದಿಲ್ಲ. ಐಸೋನಿಯಾಜಿಡ್ ಜೊತೆಗಿದ್ದರೆ ಆ ವಿಷ ಹೆಚ್ಚಬಹುದು. ಯಾವುದರ ಪಾಲು ಎಷ್ಟು ಎಂದು ಬಿಡಿಸಿ ಹೇಳಲಾಗದು ಎಂದರು. ಔಷಧದಿಂದ ಲಿವರ್ ಹಾಳಾಗಿ ಕಾಮಾಲೆಯೂ ಬಂದರೆ ಹತ್ತರಲ್ಲಿ ಒಬ್ಬರು ಉಳಿಯುವುದು ಕಷ್ಟ ಎಂದು ನನ್ನ ಗಂಡನನ್ನು ಹೊರಗೆ ಕರೆದು ಹೇಳಿದ್ದರಂತೆ. ಎಲ್ಲ ಗುಳಿಗೆ ನಿಲ್ಲಿಸಿ, ಲಿವರ್ ಕಾಯಲು ಎನ್-ಅಸಿಟೈಲ್‌ಸಿಸ್ಟೀನ್ ಎಂಬ ಔಷಧ ಹಚ್ಚಿದರು. ಹನ್ನೊಂದು ದಿನ ಮಲಗಿದೆ. ಆಗಸ್ಟ್‌ನಲ್ಲಿ ರಕ್ತದ ಲೆಕ್ಕ ಇಳಿದ ಮೇಲೆ ಒಂದೊಂದೇ ಔಷಧ, ಮೊದಲು ರಿಫಾಂಪಿಸಿನ್, ಕೆಲವು ದಿನ ಬಿಟ್ಟು ಐಸೋನಿಯಾಜಿಡ್ ಸೇರಿಸುತ್ತ, ಪ್ರತಿ ಸಲ ರಕ್ತ ನೋಡಿದರು. ಪೈರಾಜಿನಮೈಡ್ ಮತ್ತೆ ಕೊಡಲಿಲ್ಲ. ಆರು ತಿಂಗಳ ಚಿಕಿತ್ಸೆ ಒಂಬತ್ತಾಯಿತು.

ಅಕ್ಕನ ಮೇಲಿನ ಸಿಟ್ಟು ಇನ್ನೂ ಆರಿಲ್ಲ. ಅವಳ ಮಗಳ ಲಗ್ನ ಅದೇ ಮನೆಗೆ ಆಯಿತು. ಆ ಬೀಗತಿ ಟಿಬಿಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಡಾಕ್ಟರ ಮುಂದೆ ಬಾಯಿ ಮುಚ್ಚಿದ್ದು ನನ್ನದೇ ನಾಲಿಗೆ.

ಟಿಬಿ ಗುಳಿಗೆ ನುಂಗುತ್ತಿರುವ ಅಕ್ಕತಂಗಿಯರಲ್ಲಿ ನನ್ನದೊಂದು ಬೇಡಿಕೆ. ಯಾವ ಡಾಕ್ಟರ ಬಳಿ ಹೋದರೂ ಮನೆಯಲ್ಲಿರುವ ಎಲ್ಲ ಗುಳಿಗೆಪಟ್ಟಿ ಒಂದೇ ಚೀಲದಲ್ಲಿ ಒಯ್ಯಿರಿ. ಜ್ವರ, ನೋವಿನ ಗುಳಿಗೆಗಳ ಹಿಂಬದಿಯ ಸಣ್ಣ ಅಕ್ಷರ ಓದಿಸಿ. ಹಸಿವು ಸತ್ತು, ವಾಕರಿಕೆ ಬಂದು, ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ನಾಳೆಗೆ ಬಿಡಬೇಡಿ. ಆವತ್ತೇ ಗುಳಿಗೆ ಕೊಟ್ಟವರ ಬಳಿ ಹೋಗಿ, ಕಣ್ಣಿನ ಬಿಳಿಭಾಗವನ್ನು ಬಿಸಿಲಿನಲ್ಲಿ ತೋರಿಸಿ.